ನಿಂತ ಲಾರಿ, ಓಡುವ ಎಂಜಿನ್

ರಸ್ತೆಬದಿಯಲ್ಲಿ ನಿಂತ ಲಾರಿಯ ಎಂಜಿನ್ ಗಂಟೆಗಟ್ಟಲೆ ಗುರುಗುಡುತ್ತಿದ್ದರೆ ನಾವು ದೂರುವುದು ಚಾಲಕನನ್ನು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಅನುಭವವನ್ನು ಗಮನಿಸಿದರೆ ಸಂಗತಿ ಅಷ್ಟು ಸರಳವಲ್ಲ ಎಂಬುದು ಮನವರಿಕೆಯಾಗುತ್ತದೆ.

ಡೀಸೆಲ್ ಹೊಗೆಯ ಕಣಗಳನ್ನು ವಿಷಕಾರಿ ಎಂದು ಆ ರಾಜ್ಯ 1998ರಲ್ಲೇ ಗುರುತಿಸಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2012ರಲ್ಲಿ ಈ ಹೊಗೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಭಾರೀ ಡೀಸೆಲ್ ವಾಹನ ನಿಂತಲ್ಲೇ 5 ನಿಮಿಷಕ್ಕಿಂತ ಹೆಚ್ಚು ಎಂಜಿನ್ ಚಾಲೂ ಇಡಬಾರದೆಂಬುದು ಅಲ್ಲಿನ ನಿಯಮ. 2008ರ ಜನವರಿಯಿಂದ ಇದು ಮಲಗುವ ಕೋಣೆಯುಳ್ಳ ಲಾರಿಗಳಿಗೂ ಅನ್ವಯವಾಯಿತು. ನ್ಯೂಯಾರ್ಕ್ ನಗರದಲ್ಲಂತೂ ಮಿತಿ 3 ನಿಮಿಷ, ಶಾಲೆಗಳ ಬಳಿ ಕೇವಲ 1 ನಿಮಿಷ.

ಆದರೆ ಚಾಲಕನ ಪಾಡೇನು? ಹೆಚ್ಚೆಂದರೆ 11 ತಾಸು ಚಾಲನೆ, ಮತ್ತೆ ಹೊರಡುವ ಮುನ್ನ 10 ತಾಸು ವಿರಾಮ ಎಂಬುದು ಅಲ್ಲಿನ ಕೇಂದ್ರ ಸರ್ಕಾರದ ಕಟ್ಟಳೆ. ದೂರ ಪ್ರಯಾಣದ ಚಾಲಕನಿಗೆ ಕ್ಯಾಬಿನ್ನೇ ಮನೆ. ಮೊಹಾವಿ ಮರುಭೂಮಿಯ ಸೆಕೆಯಲ್ಲಿ, ಸಿಯೆರಾ ನೆವಾಡದ ಹಿಮದಲ್ಲಿ ಎಂಜಿನ್ ಆರಿಸಿ ನಿದ್ರಿಸು ಎಂದರೆ ಆತ ನಿದ್ರಿಸಲಾರ. ನಿದ್ದೆಗೆಟ್ಟ ಚಾಲಕ ಮರುದಿನ ಹೆದ್ದಾರಿಯಲ್ಲಿ ಎಲ್ಲರಿಗೂ ಅಪಾಯ. ಎಂಜಿನ್ ಚಾಲೂ ಇಟ್ಟರೋ, ತಾಸಿಗೆ ಸುಮಾರು 3 ಲೀಟರಿನಂತೆ ರಾತ್ರಿಯೊಂದಕ್ಕೆ 30 ಲೀಟರ್ ಡೀಸೆಲ್ ಹೊಗೆಯಾಗುತ್ತದೆ. ಅದನ್ನು ಉಸಿರಾಡುವವರು ಆತ ಮತ್ತು ಅಕ್ಕಪಕ್ಕದ ನಿವಾಸಿಗಳು.

ಈ ಇಕ್ಕಟ್ಟಿಗೆ ಪರಿಹಾರ ಕೇವಲ ದಂಡದಿಂದ ಬರಲಿಲ್ಲ. ಕ್ಯಾಬಿನ್ನನ್ನು ತಂಪಾಗಿಸಲು, ಬೆಚ್ಚಗಿಡಲು ಪ್ರತ್ಯೇಕ ಪುಟ್ಟ ಎಂಜಿನ್ ಅಥವಾ ಬ್ಯಾಟರಿ ಸಾಧನಗಳು ಬಂದವು. ಅವುಗಳ ತೂಕದಿಂದ ಸರಕಿನ ಮಿತಿ ಕುಗ್ಗುತ್ತದೆ ಎಂಬ ಆಕ್ಷೇಪಕ್ಕೆ 2005ರ ಕೇಂದ್ರ ಕಾಯ್ದೆಯು 400 ಪೌಂಡ್ ವಿನಾಯಿತಿಗೆ ಅವಕಾಶ ನೀಡಿತು. 2012ರಲ್ಲಿ ಅದು 550 ಪೌಂಡಿಗೆ ಏರಿತು. ನಿಷೇಧದ ಜತೆಗೇ ಪರ್ಯಾಯವೂ ಇರಬೇಕೆಂಬ ವಿವೇಕ ಇಲ್ಲಿದೆ. ಆದರೂ ಸಾಧನದ ಬೆಲೆ ಒಂದೇ ಲಾರಿಯ ಮಾಲೀಕನಿಗೆ ಹೊರೆಯೇ. ಸರಕು ಇಳಿಸದೆ ತಾಸುಗಟ್ಟಲೆ ಕಾಯಿಸುವ ಗೋದಾಮುಗಳೂ ಹೊಣೆ ಹೊರಬೇಕೆಂಬುದು ನನ್ನ ಅಭಿಪ್ರಾಯ.

ಇದು ನಮಗೆ ದೂರದ ಕಥೆಯಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಹಾಗೂ ಭಾರೀ ಲಾರಿಗಳ ಕ್ಯಾಬಿನ್‌ಗೆ ಹವಾನಿಯಂತ್ರಣ ಕಡ್ಡಾಯವೆಂದು ಭಾರತ ಸರ್ಕಾರ 2023ರಲ್ಲಿ ಅಧಿಸೂಚನೆ ಹೊರಡಿಸಿತು. ಬೆವರಿನಲ್ಲಿ ಬೆಂದ ನಮ್ಮ ಚಾಲಕರಿಗೆ ಇದು ಎಂದೋ ಸಲ್ಲಬೇಕಿದ್ದ ನ್ಯಾಯ. ಆದರೆ ಎಂಜಿನ್ ಓಡಿದರಷ್ಟೇ ತಂಪು ಎಂದಾದರೆ, ವಿರಾಮದ ವೇಳೆಯಲ್ಲೂ ಎಂಜಿನ್ ಓಡುತ್ತಲೇ ಇರುತ್ತದೆ. ಯಶವಂತಪುರದಂಥ ಟ್ರಕ್ ಟರ್ಮಿನಲ್‌ಗಳಲ್ಲಿ, ಹೆದ್ದಾರಿ ತಂಗುದಾಣಗಳಲ್ಲಿ ವಿದ್ಯುತ್ ಸಂಪರ್ಕ ಮತ್ತು ಗಾಳಿಯಾಡುವ ವಿಶ್ರಾಂತಿ ಕೊಠಡಿಗಳನ್ನು ಒದಗಿಸುವ ಕೆಲಸ ಈಗಲೇ ಆರಂಭವಾಗಲಿ. ದಂಡದ ರಸೀದಿ ಪುಸ್ತಕ ಅಚ್ಚಾಗುವುದು ಆನಂತರದ ಮಾತು.