ಕೂಸು ಬೆಚ್ಚಿತೆಂದು ಸುಮ್ಮನಿರಬೇಡಿ
ಆರೇಳು ತಿಂಗಳ ಕೂಸು ನಿದ್ದೆಯಿಂದ ಎದ್ದ ಕೂಡಲೇ ತಲೆ ಬಾಗಿಸಿ, ಎರಡೂ ಕೈ ಚಾಚಿ ಥಟ್ಟನೆ ಮುದುಡುತ್ತದೆ. ಕ್ಷಣದಲ್ಲಿ ಸರಿಹೋಗಿ ಮತ್ತೆ ಮುದುಡುತ್ತದೆ, ಹೀಗೆ ಸಾಲಾಗಿ ಹತ್ತಾರು ಸಲ. ದಾವಣಗೆರೆಯಿರಲಿ, ಹರಿಹರವಿರಲಿ, ಹೊಟ್ಟೆನೋವು, ದೃಷ್ಟಿ ಎಂದುಕೊಂಡು ತಾಯತ ಕಟ್ಟಿಸುವುದರಲ್ಲೇ ವಾರಗಳು ಕಳೆದುಹೋಗುವುದುಂಟು. ಇದು ಶಿಶುಗಳ ಒಂದು ಬಗೆಯ ಮೂರ್ಛೆರೋಗವಿರಬಹುದು. 1841ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವೆಸ್ಟ್ ತನ್ನ ಸ್ವಂತ ಮಗನಲ್ಲೇ ಕಂಡು, ಕಂಗಾಲಾಗಿ ಲ್ಯಾನ್ಸೆಟ್ ಪತ್ರಿಕೆಗೆ ಬರೆದದ್ದು ಇದನ್ನೇ. ತಡವಾದರೆ ಕೂಸು ಕಲಿತ ನಗು, ನೋಟವೂ ಹಿಂದೆ ಸರಿಯಬಹುದು. ಕಳೆದುಹೋಗುವ ಆ ವಾರಗಳನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಜ್ವರದಲ್ಲಿ ಒಮ್ಮೆ ಬಂದುಹೋಗುವ ಫಿಟ್ಸ್ ಬಹುತೇಕ ಮೂರ್ಛೆರೋಗವಲ್ಲ, ಆದರೂ ವೈದ್ಯರು ನೋಡಲೇಬೇಕು. ರೋಗಪತ್ತೆಗೆ ಮೊದಲ ಆಧಾರ ಕಣ್ಣಾರೆ ಕಂಡವರ ಮಾತು. ಮೆದುಳಿನ ಇಇಜಿ ಪರೀಕ್ಷೆ ಒಮ್ಮೆ ಸರಿ ಬಂದ ಮಾತ್ರಕ್ಕೆ ರೋಗವಿಲ್ಲ ಎನ್ನಲಾಗದು. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ದಾವಣಗೆರೆಯ ಬಾಪೂಜಿ ಮಕ್ಕಳ ಆಸ್ಪತ್ರೆಗೋ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಅದೇ ದಿನ ಹೊರಡಿ. ಮೈ ಸೆಟೆದು ಫಿಟ್ಸ್ ಬಂದರೆ ಮಗುವನ್ನು ಮಗ್ಗುಲಿಗೆ ಮಲಗಿಸಿ. ಬಾಯಿಗೆ ನೀರು, ಕೈಗೆ ಬೀಗದ ಕೈ ಬೇಡ. 5 ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.