ಬೇಲಿಯೇ ಎದ್ದು ಹೊಲ ಮೇಯ್ದಾಗ

“ಬಿ.ಎ., ಬಿ.ಎಡ್. ಮಾಡಿ ಕನ್ನಡ ಪಾಠ ಹೇಳುವ ಮೇಡಂಗೆ ಕಂಪ್ಯೂಟರಿನ ಉಸಾಬರಿ ಏಕೆ?” ಎಂದು ಸ್ಟಾಫ್ ರೂಮಿನಲ್ಲಿ ನಕ್ಕವರಿದ್ದಾರೆ. ನಗಲಿ. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಆಫೀಸಿನ ಕಂಪ್ಯೂಟರು ಕೆಟ್ಟು ಮಕ್ಕಳ ಅಂಕಗಳೆಲ್ಲ ಅಳಿಸಿಹೋದ ದಿನ ಮೆಮೊ ಸಿಕ್ಕಿದ್ದು ಯಾರಿಗೆ? ಅದರ ಮುಂದೆ ಕೂತು ಟೈಪು ಮಾಡುತ್ತಿದ್ದ ಹುಡುಗಿಗೆ. ಕಾರಣವೇನೆಂದು ಯಾರೂ ಹುಡುಕಲಿಲ್ಲ. “ಇವಳೇ ಏನೋ ಒತ್ತಿರಬೇಕು” ಎಂದರು, ಮುಗಿಯಿತು. ದುಡ್ಡು ಕೊಟ್ಟು ತಂದ ಕಾವಲು ತಂತ್ರಾಂಶವೂ ಅದರಲ್ಲಿತ್ತು; ಅದನ್ನು ಮಾರಿದವರನ್ನು ಒಂದು ಮಾತೂ ಕೇಳಲಿಲ್ಲ.

ಆ ಹುಡುಗಿ ನನ್ನೆದುರು ಅತ್ತದ್ದನ್ನು ನಾನು ಮರೆತಿಲ್ಲ. ಎಂಜಿನಿಯರಿಂಗ್ ಓದಿದ ತಂಗಿಯ ಮಗಳನ್ನು ಕೂರಿಸಿಕೊಂಡು ಕೇಳಿದೆ, ಕೂತವರ ತಪ್ಪಿಲ್ಲದೆಯೂ ಕಂಪ್ಯೂಟರು ಹಾಳಾಗುತ್ತದೆಯೇ ಎಂದು. “ಆಗುತ್ತೆ ದೊಡ್ಡಮ್ಮ” ಎಂದು ಅವಳು ಹೇಳಿದ ಕಥೆ ಇದು.

2004ರ ಮಾರ್ಚ್ ತಿಂಗಳು. ಅಮೆರಿಕದ ಇಂಟರ್‌ನೆಟ್ ಸೆಕ್ಯುರಿಟಿ ಸಿಸ್ಟಮ್ಸ್ ಎಂಬ ಕಂಪನಿ ಬ್ಲ್ಯಾಕ್‌ಐಸ್, ರಿಯಲ್‌ಸೆಕ್ಯೂರ್ ಎಂಬ ಕಾವಲು ತಂತ್ರಾಂಶಗಳನ್ನು ಮಾರುತ್ತಿತ್ತು. ಜಾಲದಲ್ಲಿ ಬಂದುಹೋಗುವ ಸಂದೇಶಗಳನ್ನು ಬಿಚ್ಚಿ ಓದಿ, ಕಳ್ಳ ಸಂದೇಶವನ್ನು ಹಿಡಿಯುವುದು ಅವುಗಳ ಕೆಲಸ. ಹಾಗೆ ಓದುವ ಭಾಗದಲ್ಲೇ ತೂತಿತ್ತು.

ಆ ತೂತಿನ ಹೆಸರು ಬಫರ್ ಓವರ್‌ಫ್ಲೋ. ಹೆಸರಿಗೆ ಹೆದರಬೇಡಿ, ನಮ್ಮ ಅಂಕಗಳ ರಿಜಿಸ್ಟರನ್ನು ನೆನೆಯಿರಿ. ಹೆಸರಿನ ಕಾಲಮ್ಮು ಇಷ್ಟಗಲ, ಅದರ ಪಕ್ಕದ್ದು ಅಂಕದ ಕಾಲಮ್ಮು. ಹೆಸರು ಉದ್ದವಾಯಿತೆಂದು ಪಕ್ಕಕ್ಕೂ ಬರೆದುಬಿಟ್ಟರೆ ಮನುಷ್ಯರಾದ ನಮಗೆ ತಪ್ಪು ತಿಳಿಯುತ್ತದೆ. ಯಂತ್ರಕ್ಕೆ ತಿಳಿಯದು, ಅಲ್ಲಿ ಬಿದ್ದದ್ದನ್ನೇ ಅಂಕವೆಂದು ಓದುತ್ತದೆ. ಕಂಪ್ಯೂಟರಿನಲ್ಲಿ ಆ ಪಕ್ಕದ ಜಾಗದಲ್ಲಿರುವುದು, ಮುಂದೆ ಎಲ್ಲಿಗೆ ಹೋಗಿ ಏನು ಮಾಡಬೇಕೆಂಬ ಸೂಚನೆ. ಕಳ್ಳ ಬೇಕೆಂದೇ ಉದ್ದನೆಯ ಸಂದೇಶ ಕಳಿಸಿ ಅಲ್ಲಿ ತನ್ನ ಅಪ್ಪಣೆ ಬರೆಯುತ್ತಾನೆ. ಬರೆದುಕೊಳ್ಳುವ ಮೊದಲು ಉದ್ದ ಅಳೆದಿದ್ದರೆ ಸಾಕಿತ್ತು.

ತೂತಿನ ಸುದ್ದಿ ಹೊರಬಿದ್ದ ಮರುದಿನವೇ ‘ವಿಟ್ಟಿ’ ಎಂಬ ಹುಳು ಬಂತು. ಸುಮಾರು 12,000 ಕಂಪ್ಯೂಟರುಗಳನ್ನು, ಅದರಲ್ಲೂ ಬಹುಪಾಲನ್ನು ಮುಕ್ಕಾಲು ಗಂಟೆಯೊಳಗೇ, ಹೊಕ್ಕಿತು. ಡಿಸ್ಕಿನಲ್ಲಿ ಕಂಡಕಂಡಲ್ಲಿ ಗೀಚಿ ಹಾಳುಮಾಡಿತು. ಕೂತವರು ಏನನ್ನೂ ಒತ್ತಬೇಕಿರಲಿಲ್ಲ, ತೆರೆಯಬೇಕಿರಲಿಲ್ಲ. ಕಾವಲುಗಾರನೇ ಸಂದೇಶವನ್ನು ಓದಿ ಕಳ್ಳನ ಮಾತು ಕೇಳಿದ. ಈ ಕಾವಲನ್ನು ಕೊಳ್ಳದವರ ಕಂಪ್ಯೂಟರಿಗೆ ಆ ಹುಳು ಸೋಕಲೇ ಇಲ್ಲ!

“ತಿದ್ದುಪಡಿ ಬಂದಿತ್ತಲ್ಲ, ಹಾಕಿಕೊಳ್ಳಬೇಕಿತ್ತು” ಎನ್ನುವವರಿದ್ದಾರೆ. ಹಾಕಿಕೊಳ್ಳಬೇಕು, ಒಪ್ಪಿದೆ. ಆದರೆ ಸುದ್ದಿ ತಿಳಿದು ಒಂದೇ ದಿನದಲ್ಲಿ ಎಷ್ಟು ಆಫೀಸುಗಳಲ್ಲಿ ಈ ಕೆಲಸ ಆದೀತು? ತಪ್ಪಾದರೂ ಹೊಸದೇ? 1988ರ ನವೆಂಬರಿನಲ್ಲಿ ಮಾರಿಸ್ ಹುಳು ಹರಡಿದ ದಾರಿಗಳಲ್ಲಿ ಇದೂ ಒಂದು. ಹದಿನೈದು ವರ್ಷ ಕಳೆದರೂ ಅದೇ ತಪ್ಪು ಮಾಡುವವನನ್ನು ನಾನು ಪಾಸು ಮಾಡೇನೆ? ತಂತ್ರಾಂಶದ ಕರಾರುಪತ್ರ ತೆಗೆದು ನೋಡಿ, ‘ನಷ್ಟಕ್ಕೆ ನಾವು ಹೊಣೆಯಲ್ಲ’ ಎಂಬರ್ಥದ ಮಾತು ಸಾಮಾನ್ಯವಾಗಿ ಅಲ್ಲಿರುತ್ತದೆ. ಕುಕ್ಕರು ಸಿಡಿದರೆ ಕಂಪನಿಯನ್ನು ಗ್ರಾಹಕರ ಆಯೋಗಕ್ಕೆ ಎಳೆಯುತ್ತೇವೆ. ಕಾವಲು ಸಿಡಿದರೆ ಟೈಪು ಮಾಡುವ ಹುಡುಗಿಗೆ ಮೆಮೊ!

ಇದು ಬದಲಾಗದ ವಿಧಿಯೇನಲ್ಲ. ತಂತ್ರಾಂಶ ಮಾರುವವರು ಅದರ ಭದ್ರತೆಗೂ ಹೊಣೆಯಾಗಬೇಕೆಂದು ಯುರೋಪಿನ ಒಕ್ಕೂಟ 2024ರಲ್ಲಿ ಕಾನೂನು ಮಾಡಿತು. ಇಂಥ ತಪ್ಪಿಗೆ ಎಡೆಕೊಡದ ಪ್ರೋಗ್ರಾಮಿಂಗ್ ಭಾಷೆಗಳನ್ನು ಬಳಸಿರೆಂದು ಅಮೆರಿಕದ ಶ್ವೇತಭವನವೂ ಅದೇ ವರ್ಷ ಹೇಳಿತು. ಬೆಂಗಳೂರಿನಲ್ಲಿ ಕೂತು ತಂತ್ರಾಂಶ ಬರೆಯುವ ನಮ್ಮ ಮಕ್ಕಳಿಗೂ ನಾವು ಈ ಮಾತು ಹೇಳಬಹುದು: ಮೊದಲು ಅಳೆ, ಆಮೇಲೆ ಬರೆ.

ಆ ಹುಡುಗಿಯ ಕಂಪ್ಯೂಟರಿಗೆ ಏನಾಗಿತ್ತೋ, ವಿಚಾರಿಸಿದ್ದರೆ ತಾನೇ ಗೊತ್ತಾಗುವುದು? ಇನ್ನು ಯಾವ ಆಫೀಸಿನಲ್ಲಾದರೂ “ಇವಳೇ ಏನೋ ಒತ್ತಿರಬೇಕು” ಎಂಬ ಮಾತು ಕೇಳಿದರೆ, ಗೆಳತಿಯರೇ, ಸುಮ್ಮನೆ ಕೂರಬೇಡಿ. ಬೇಲಿ ಕಟ್ಟಿಕೊಟ್ಟವರನ್ನು ಕರೆಸಿದಿರಾ ಎಂದು ಕೇಳಿ.