ಹೂವಿನ ಮುಂದೆ ಎದುರಾಳಿಗಳು: ಸಂಸತ್ತಿನ ಜನ್ಮದಿನಾಚರಣೆ ಯಾರ ಸ್ವತ್ತು?

ಮಂಗಳೂರು: 2025ರ ಏಪ್ರಿಲ್ 14ರಂದು ಸಂಸತ್ ಭವನದ ಆವರಣದಲ್ಲಿರುವ ಪ್ರೇರಣಾ ಸ್ಥಳದಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಪ್ರತಿಮೆಯ ಮುಂದೆ ರಾಷ್ಟ್ರಪತಿ, ಪ್ರಧಾನಿ, ಲೋಕಸಭಾ ಸ್ಪೀಕರ್ ಹಾಗೂ ಪ್ರತಿಪಕ್ಷಗಳ ಅಗ್ರ ನಾಯಕರು ಒಂದೇ ಬೆಳಗ್ಗೆ ಪುಷ್ಪನಮನ ಸಲ್ಲಿಸಿದರು. ನರೇಂದ್ರ ಮೋದಿ ಮತ್ತು ಮಲ್ಲಿಕಾರ್ಜುನ ಖರ್ಗೆ ಒಂದೇ ಕಡೆ ನಿಂತ ದೃಶ್ಯ ದೇಶದ ಗಮನ ಸೆಳೆಯಿತು. ಇದಕ್ಕೆ ಕೇವಲ ನಾಲ್ಕು ತಿಂಗಳ ಹಿಂದೆ, 2024ರ ಡಿಸೆಂಬರ್ 19ರಂದು, ಇದೇ ಅಂಬೇಡ್ಕರ್ ಹೆಸರಿನಲ್ಲಿ ಇದೇ ಸಂಸತ್ತಿನ ಮಕರ ದ್ವಾರದಲ್ಲಿ ಆಡಳಿತ ಮತ್ತು ಪ್ರತಿಪಕ್ಷಗಳ ಸಂಸದರು ಪರಸ್ಪರ ತಳ್ಳಾಡಿಕೊಂಡಿದ್ದರು. ಬಿಜೆಪಿಯ ಇಬ್ಬರು ಸದಸ್ಯರು ಗಾಯಗೊಂಡು ಆಸ್ಪತ್ರೆ ಸೇರಿದ್ದರು. ಗೃಹ ಸಚಿವ ಅಮಿತ್ ಶಾ ರಾಜ್ಯಸಭೆಯಲ್ಲಿ ಆಡಿದ ಮಾತು ಆ ಗದ್ದಲಕ್ಕೆ ಕಾರಣವಾಗಿತ್ತು.

ಒಬ್ಬನೇ ನಾಯಕ, ಒಂದೇ ಆವರಣ, ಅವರೇ ರಾಜಕಾರಣಿಗಳು. ಡಿಸೆಂಬರ್‌ನಲ್ಲಿ ಕೈ ಮಿಲಾಯಿಸಿದವರು ಏಪ್ರಿಲ್‌ನಲ್ಲಿ ಕೈ ಮುಗಿದು ನಿಂತರು. ಇದನ್ನು ಬರಿಯ ತೋರಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಎದುರಾಳಿಗಳನ್ನು ವರ್ಷಕ್ಕೆ ಕೆಲವು ಬಾರಿಯಾದರೂ ಒಂದೆಡೆ ಸೇರಿಸುವ ಈ ಪದ್ಧತಿ ನಿಧಾನವಾಗಿ ಸೊರಗುತ್ತಿರುವುದು ಏಕೆ, ಅದರಿಂದ ಕಳೆದುಹೋಗುವುದೇನು ಎಂಬುದು ಯೋಚಿಸಬೇಕಾದ ಸಂಗತಿ.

ಪದ್ಧತಿಯ ಮೂಲ

ಈಗ ಸಂವಿಧಾನ ಸದನವೆಂದು ಕರೆಯಲ್ಪಡುವ ಹಳೆಯ ಸಂಸತ್ ಭವನದ ಸೆಂಟ್ರಲ್ ಹಾಲ್‌ನಲ್ಲಿ ರಾಷ್ಟ್ರನಾಯಕರ ಭಾವಚಿತ್ರಗಳಿವೆ. ಇವುಗಳಲ್ಲಿ ಮೊದಲನೆಯದು ಮಹಾತ್ಮ ಗಾಂಧಿಯವರದು. ಆಸ್ವಾಲ್ಡ್ ಬರ್ಲಿ ಎಂಬ ಚಿತ್ರಕಾರ ರಚಿಸಿದ ಆ ತೈಲಚಿತ್ರವನ್ನು 1947ರ ಆಗಸ್ಟ್ 28ರಂದು, ಸ್ವಾತಂತ್ರ್ಯ ಬಂದ ಎರಡೇ ವಾರದೊಳಗೆ, ಸಂವಿಧಾನ ಸಭೆಯ ಅಧ್ಯಕ್ಷರಾಗಿದ್ದ ಡಾ. ರಾಜೇಂದ್ರ ಪ್ರಸಾದ್ ಅನಾವರಣಗೊಳಿಸಿದರು. ಬಳಿಕ ತಿಲಕ್, ಲಾಲಾ ಲಜಪತ್ ರಾಯ್, ಪಟೇಲ್, ಟಾಗೋರ್, ಸರೋಜಿನಿ ನಾಯ್ಡು, ನೆಹರೂ ಮೊದಲಾದವರ ಚಿತ್ರಗಳು ಒಂದೊಂದಾಗಿ ಬಂದವು.

ಗೋಡೆಯ ಮೇಲೆ ಚಿತ್ರವಿರುವ ನಾಯಕರ ಜನ್ಮದಿನದಂದು ಸ್ಪೀಕರ್, ಸಚಿವರು, ಪ್ರತಿಪಕ್ಷ ನಾಯಕರು, ಹಾಲಿ ಮತ್ತು ಮಾಜಿ ಸಂಸದರು ಬಂದು ಹೂ ಅರ್ಪಿಸುವುದು ವಾಡಿಕೆ. ಅಲ್ಲಿ ಭಾಷಣವಿಲ್ಲ, ನಿರ್ಣಯವಿಲ್ಲ, ಮತದಾನವಿಲ್ಲ. ಕೆಲವೇ ನಿಮಿಷಗಳ ಕಾರ್ಯಕ್ರಮ. ಅದರ ಮಹತ್ವವೂ ಇಲ್ಲಿಯೇ ಇದೆ. ಮಾತಿಗೆ ಅವಕಾಶವಿಲ್ಲದ ಕಾರಣ ಜಗಳಕ್ಕೂ ಅವಕಾಶವಿಲ್ಲ. ಹಾಜರಾತಿಯೊಂದೇ ಅಲ್ಲಿನ ಹೇಳಿಕೆ. ಯಾರು ಬಂದರು, ಯಾರು ಬರಲಿಲ್ಲ ಎಂಬುದಷ್ಟೇ ಸುದ್ದಿಯಾಗುತ್ತದೆ.

ಗೋಡೆಯ ಮೇಲೂ ಎದುರಾಳಿಗಳೇ

ಸೆಂಟ್ರಲ್ ಹಾಲ್‌ನ ಗೋಡೆಗಳನ್ನು ಗಮನವಿಟ್ಟು ನೋಡಿದರೆ ಅಲ್ಲಿರುವವರು ಬದುಕಿದ್ದಾಗ ಪರಸ್ಪರ ಒಪ್ಪಿದವರೇನಲ್ಲ ಎಂಬುದು ತಿಳಿಯುತ್ತದೆ. ಶ್ಯಾಮಪ್ರಸಾದ್ ಮುಖರ್ಜಿ ನೆಹರೂ ಸಂಪುಟದಲ್ಲಿದ್ದು 1950ರಲ್ಲಿ ರಾಜೀನಾಮೆ ನೀಡಿ, ಮರುವರ್ಷ ಜನಸಂಘ ಕಟ್ಟಿದವರು. ಅಂಬೇಡ್ಕರ್ 1951ರಲ್ಲಿ ಅದೇ ಸಂಪುಟ ತೊರೆದರು. 1952ರ ಚುನಾವಣೆಯಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯ ಎದುರು ಸೋತರು. ಅವರ ಭಾವಚಿತ್ರ ಸೆಂಟ್ರಲ್ ಹಾಲ್ ಸೇರಿದ್ದು 1990ರಲ್ಲಿ, ಅಂದರೆ ಅವರು ನಿಧನರಾಗಿ 34 ವರ್ಷಗಳ ನಂತರ. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಿಗೇ ಇಷ್ಟು ದೀರ್ಘಕಾಲ ಕಾಯಬೇಕಾಗಿ ಬಂದುದನ್ನು ನೆನೆದರೆ, ಚಿತ್ರಗಳ ಆಯ್ಕೆ ಎಂದೂ ರಾಜಕೀಯದಿಂದ ಮುಕ್ತವಾಗಿರಲಿಲ್ಲ ಎಂಬುದು ಸ್ಪಷ್ಟ.

ರಾಮಮನೋಹರ ಲೋಹಿಯಾ ಅವರದು ಇನ್ನೊಂದು ಉದಾಹರಣೆ. 1951ರಲ್ಲಿ ಶಿವಮೊಗ್ಗ ಜಿಲ್ಲೆಯ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹಕ್ಕೆ ಬಂದು ಬಂಧನಕ್ಕೊಳಗಾದ ಈ ನಾಯಕ 1962ರಲ್ಲಿ ಫೂಲ್ಪುರದಲ್ಲಿ ನೆಹರೂ ವಿರುದ್ಧವೇ ಸ್ಪರ್ಧಿಸಿ ಸೋತರು. ಮರುವರ್ಷ ಉಪಚುನಾವಣೆಯಲ್ಲಿ ಗೆದ್ದು ಲೋಕಸಭೆಗೆ ಬಂದವರೇ, ದೇಶದ ಕೋಟ್ಯಂತರ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿರುವಾಗ ಪ್ರಧಾನಿಗಾಗಿ ದಿನಕ್ಕೆ 25 ಸಾವಿರ ರೂಪಾಯಿ ವೆಚ್ಚವಾಗುತ್ತಿದೆ ಎಂದು ನೇರವಾಗಿ ಆರೋಪಿಸಿದರು. ಇಂದು ನೆಹರೂ ಮತ್ತು ಲೋಹಿಯಾ ಒಂದೇ ಸಭಾಂಗಣದ ಗೋಡೆಯನ್ನು ಹಂಚಿಕೊಂಡಿದ್ದಾರೆ. ಭಗತ್ ಸಿಂಗ್ ಗಲ್ಲಿಗೇರಿದ ದಿನವೂ ಮಾರ್ಚ್ 23 ಆದುದರಿಂದ ತಮ್ಮ ಜನ್ಮದಿನವನ್ನು ಆಚರಿಸಲು ಲೋಹಿಯಾ ಇಷ್ಟಪಡುತ್ತಿರಲಿಲ್ಲ. ಹುಟ್ಟುಹಬ್ಬ ಬೇಡವೆಂದವರಿಗೂ ಸಂಸತ್ತು ಹೂ ಇಡುತ್ತದೆ.

ಈ ಸಹವಾಸದ ಅರ್ಥವನ್ನು ಚೆನ್ನಾಗಿ ಗ್ರಹಿಸಿದವರಲ್ಲಿ ಅಟಲ್ ಬಿಹಾರಿ ವಾಜಪೇಯಿ ಒಬ್ಬರು. ನೆಹರೂ ನಿಧನರಾದಾಗ, 1964ರ ಮೇ 29ರಂದು, ಜನಸಂಘದ ಸದಸ್ಯರಾಗಿ ರಾಜ್ಯಸಭೆಯಲ್ಲಿ ಅವರು ಸಲ್ಲಿಸಿದ ಶ್ರದ್ಧಾಂಜಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. 1977ರಲ್ಲಿ ವಿದೇಶಾಂಗ ಸಚಿವರಾದಾಗ ಸೌತ್ ಬ್ಲಾಕ್‌ನ ಗೋಡೆಯಿಂದ ಮಾಯವಾಗಿದ್ದ ನೆಹರೂ ಚಿತ್ರ ತಾವು ವಿಚಾರಿಸಿದ ನಂತರ ಮರಳಿ ಬಂದ ಪ್ರಸಂಗವನ್ನು ಅವರೇ ಸದನದಲ್ಲಿ ವಿವರಿಸಿದ್ದರು. ಎಲ್.ಕೆ. ಅಡ್ವಾಣಿಯವರೂ ನೆಹರೂ ಜನ್ಮದಿನದಂದು ಸೆಂಟ್ರಲ್ ಹಾಲ್‌ಗೆ ಬರುತ್ತಿದ್ದರು. 2022ರ ಡಿಸೆಂಬರ್‌ನಲ್ಲಿ ಭಾರತ್ ಜೋಡೋ ಯಾತ್ರೆಯ ನಡುವೆ ರಾಹುಲ್ ಗಾಂಧಿ ದಿಲ್ಲಿಯ ವಾಜಪೇಯಿ ಸಮಾಧಿಗೆ ಭೇಟಿ ನೀಡಿದ್ದು ಇದೇ ಪರಂಪರೆಯ ಮುಂದುವರಿಕೆ ಎನ್ನಬಹುದು.

ಬಿರುಕು ಬಿಟ್ಟಿದ್ದೆಲ್ಲಿ?

ದೊಡ್ಡ ಬಿರುಕು ಕಾಣಿಸಿಕೊಂಡದ್ದು 2003ರ ಫೆಬ್ರವರಿ 26ರಂದು. ಅಂದು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಸೆಂಟ್ರಲ್ ಹಾಲ್‌ನಲ್ಲಿ ವಿ.ಡಿ. ಸಾವರ್ಕರ್ ಭಾವಚಿತ್ರ ಅನಾವರಣಗೊಳಿಸಿದಾಗ ಕಾಂಗ್ರೆಸ್ ಮತ್ತು ಎಡಪಕ್ಷಗಳು ಸಮಾರಂಭವನ್ನು ಬಹಿಷ್ಕರಿಸಿದವು. ಗಾಂಧಿ ಹತ್ಯೆಯ ಮೊಕದ್ದಮೆಯಲ್ಲಿ ಆರೋಪಿಯಾಗಿದ್ದವರ ಚಿತ್ರ ಗಾಂಧಿ ಚಿತ್ರವಿರುವ ಸಭಾಂಗಣದಲ್ಲಿ ಸಲ್ಲದು ಎಂಬುದು ಒಂದು ವಾದ. ನ್ಯಾಯಾಲಯ ಬಿಡುಗಡೆ ಮಾಡಿದ, ಅಂಡಮಾನ್ ಸೆರೆವಾಸ ಅನುಭವಿಸಿದ ಹೋರಾಟಗಾರನಿಗೆ ಗೌರವ ಸಲ್ಲಲೇಬೇಕು ಎಂಬುದು ಪ್ರತಿವಾದ. ಅಂದಿನಿಂದ ಮೇ 28ರ ಜನ್ಮದಿನ ಒಂದು ಬಣದ ಕಾರ್ಯಕ್ರಮವಾಗಿಯೇ ಉಳಿದಿದೆ.

ಅನಂತರ ಗೈರುಹಾಜರಿ ಎರಡೂ ಕಡೆಗೆ ಹಬ್ಬಿತು. 2021ರ ನವೆಂಬರ್ 14ರಂದು ನೆಹರೂ ಜನ್ಮದಿನಕ್ಕೆ ಲೋಕಸಭಾ ಸ್ಪೀಕರ್ ಮತ್ತು ರಾಜ್ಯಸಭಾ ಸಭಾಪತಿ ಇಬ್ಬರೂ ಬರಲಿಲ್ಲವೆಂದು ಕಾಂಗ್ರೆಸ್‌ನ ಜೈರಾಮ್ ರಮೇಶ್ ಬಹಿರಂಗವಾಗಿ ಆಕ್ಷೇಪಿಸಿದರು. ಅಕ್ಟೋಬರ್ 31 ಸರ್ದಾರ್ ಪಟೇಲರ ಜನ್ಮದಿನ. ಇಂದಿರಾ ಗಾಂಧಿ ಹತ್ಯೆಯಾದ ದಿನವೂ ಹೌದು. 2014ರಿಂದ ಅದು ರಾಷ್ಟ್ರೀಯ ಏಕತಾ ದಿನವಾದ ಬಳಿಕ ಒಂದು ಪಕ್ಷ ಪಟೇಲರನ್ನೂ ಇನ್ನೊಂದು ಪಕ್ಷ ಇಂದಿರಾ ಅವರನ್ನೂ ಮುಂದಿಟ್ಟುಕೊಂಡು ನಡೆಯುವ ಪೈಪೋಟಿ ಪ್ರತಿವರ್ಷದ ದೃಶ್ಯವಾಗಿದೆ. ಪಟೇಲರು ಆಜೀವ ಕಾಂಗ್ರೆಸ್ಸಿಗರಾಗಿದ್ದರು, 1948ರಲ್ಲಿ ಆರೆಸ್ಸೆಸ್ ಮೇಲೆ ನಿಷೇಧ ಹೇರಿದಾಗ ಗೃಹ ಸಚಿವರಾಗಿದ್ದವರು ಅವರೇ ಎಂಬುದು ಒಂದು ಪಕ್ಷಕ್ಕೆ ಇರಿಸುಮುರಿಸು. ಅಂಥ ನಾಯಕನನ್ನು ನೆಹರೂ ಕುಟುಂಬದ ನೆರಳಿನಲ್ಲಿ ಮರೆಸಲಾಯಿತು ಎಂಬ ಆರೋಪ ಇನ್ನೊಂದು ಪಕ್ಷಕ್ಕೆ ಇರಿಸುಮುರಿಸು. ಇತಿಹಾಸ ಯಾವ ಪಕ್ಷಕ್ಕೂ ಪೂರ್ತಿ ಅನುಕೂಲಕರವಾಗಿಲ್ಲ.

2024ರ ಜೂನ್‌ನಲ್ಲಿ ಸಂಸತ್ ಆವರಣದ ಗಾಂಧಿ, ಅಂಬೇಡ್ಕರ್, ಶಿವಾಜಿ ಪ್ರತಿಮೆಗಳನ್ನು ಮೂಲ ಸ್ಥಾನಗಳಿಂದ ತೆಗೆದು ಪ್ರೇರಣಾ ಸ್ಥಳಕ್ಕೆ ಸಾಗಿಸಿದಾಗ ವಿವಾದದ ನಿಜವಾದ ಕಾರಣ ಬಯಲಾಯಿತು. ಭಾವಚಿತ್ರ ಮತ್ತು ಪ್ರತಿಮೆಗಳ ಬಗ್ಗೆ ತೀರ್ಮಾನಿಸಲು ಉಭಯ ಸದನಗಳ ಸದಸ್ಯರ ಸಮಿತಿಯೊಂದಿದೆ. ಆ ಸಮಿತಿ ಕೊನೆಯದಾಗಿ ಸೇರಿದ್ದು 2018ರ ಡಿಸೆಂಬರ್ 18ರಂದು, 17ನೇ ಲೋಕಸಭೆಯ ಅವಧಿಯಲ್ಲಿ ಅದನ್ನು ಪುನರ್ರಚಿಸಿಯೇ ಇಲ್ಲ ಎಂದು ಖರ್ಗೆ ಪತ್ರ ಬರೆದು ಆಕ್ಷೇಪಿಸಿದರು. ಒಂದೇ ಸ್ಥಳದಲ್ಲಿ ಎಲ್ಲ ಪ್ರತಿಮೆಗಳಿದ್ದರೆ ಸಂದರ್ಶಕರಿಗೆ ಅನುಕೂಲ ಎಂಬುದು ಸಂಸತ್ ಆಡಳಿತದ ಸಮಜಾಯಿಷಿ. ಅನುಕೂಲ ಇರಬಹುದು. ಆದರೆ 1993ರಿಂದ ಸಂಸದರ ಧರಣಿಗಳಿಗೆ ಸಾಕ್ಷಿಯಾಗಿದ್ದ ಗಾಂಧಿ ಪ್ರತಿಮೆಯನ್ನು ಕದಲಿಸುವ ಮುನ್ನ ಆ ಸಂಸದರನ್ನು ಕೇಳುವುದು ಸೌಜನ್ಯವಷ್ಟೇ ಅಲ್ಲ, ಕ್ರಮವೂ ಆಗಿತ್ತು.

ಬೆಳಗಾವಿಯ ಪಾಠ, ಮಂಗಳೂರಿನ ಸಭಾಧ್ಯಕ್ಷ

ಕರ್ನಾಟಕವೂ ಈ ಕಲಹದಿಂದ ಹೊರತಾಗಿಲ್ಲ. 2022ರ ಡಿಸೆಂಬರ್ 19ರಂದು ಬೆಳಗಾವಿಯ ಸುವರ್ಣ ವಿಧಾನಸೌಧದ ಸಭಾಂಗಣದಲ್ಲಿ ಗಾಂಧಿ, ಅಂಬೇಡ್ಕರ್, ಬಸವಣ್ಣ, ವಿವೇಕಾನಂದ, ಪಟೇಲ್, ಸುಭಾಷ್‌ಚಂದ್ರ ಬೋಸ್ ಅವರೊಂದಿಗೆ ಸಾವರ್ಕರ್ ಭಾವಚಿತ್ರವನ್ನೂ ಅನಾವರಣಗೊಳಿಸಲಾಯಿತು. ತಮ್ಮೊಂದಿಗೆ ಸಮಾಲೋಚಿಸಲಿಲ್ಲವೆಂದು ಅಂದಿನ ವಿರೋಧಪಕ್ಷ ನಾಯಕ ಸಿದ್ದರಾಮಯ್ಯ ನೇತೃತ್ವದಲ್ಲಿ ಕಾಂಗ್ರೆಸ್ ಶಾಸಕರು ಹೊರಗೆ ಧರಣಿ ಕುಳಿತರು; ಕನಕದಾಸ, ಶಿಶುನಾಳ ಶರೀಫ, ನಾರಾಯಣ ಗುರು, ಕುವೆಂಪು ಮೊದಲಾದವರ ಚಿತ್ರಗಳೂ ಬೇಕೆಂದು ಒತ್ತಾಯಿಸಿದರು. ಒಳಗೊಂದು ಚಿತ್ರಶಾಲೆ, ಹೊರಗೊಂದು ಚಿತ್ರಶಾಲೆ ಎಂಬಂತಾಯಿತು.

ಐದು ತಿಂಗಳಲ್ಲಿ ಸರಕಾರ ಬದಲಾಯಿತು. 2023ರ ಮೇ 24ರಂದು ಮಂಗಳೂರು ಕ್ಷೇತ್ರದ ಶಾಸಕ ಯು.ಟಿ. ಖಾದರ್ ವಿಧಾನಸಭೆಯ ಅಧ್ಯಕ್ಷರಾದರು. ಅದೇ ವರ್ಷದ ಬೆಳಗಾವಿ ಅಧಿವೇಶನದ ವೇಳೆ ಸಾವರ್ಕರ್ ಚಿತ್ರ ತೆಗೆಯಬೇಕೆಂಬ ಮಾತು ಆಡಳಿತ ಪಕ್ಷದೊಳಗಿಂದಲೇ ಕೇಳಿಬಂತು. ಆಗಿಹೋದದ್ದಕ್ಕಿಂತ ಮುಂದೆ ಆಗಬೇಕಾದುದರ ಕಡೆ ಗಮನ ಕೊಡೋಣ ಎಂಬ ಧಾಟಿಯಲ್ಲಿ ಖಾದರ್ ಉತ್ತರಿಸಿದರು. 2024ರ ಡಿಸೆಂಬರ್‌ನಲ್ಲಿ ಅದೇ ಸೌಧದಲ್ಲಿ ಅನುಭವ ಮಂಟಪದ ಬೃಹತ್ ತೈಲಚಿತ್ರ ಅನಾವರಣಗೊಂಡಿತು. ಇದ್ದುದನ್ನು ಕೆಡವದೆ ಹೊಸತನ್ನು ಸೇರಿಸುವ ಈ ಮಾರ್ಗ ಎರಡೂ ಕಡೆಯ ಕಟ್ಟಾಳುಗಳಿಗೆ ರುಚಿಸದಿರಬಹುದು. ಆದರೆ ಸರಕಾರ ಬದಲಾದಂತೆಲ್ಲ ಸದನದ ಗೋಡೆಯೂ ಬದಲಾಗತೊಡಗಿದರೆ ಅದು ಸದನದ ಗೋಡೆಯಾಗಿ ಉಳಿಯದೆ ಪಕ್ಷದ ಕಚೇರಿಯ ಗೋಡೆಯಾಗುತ್ತದೆ.

ಮಂಗಳೂರು ನಗರಕ್ಕೂ ಈ ಪ್ರಶ್ನೆ ಅಪರಿಚಿತವಲ್ಲ. 2022ರಲ್ಲಿ ಸುರತ್ಕಲ್ ವೃತ್ತಕ್ಕೆ ಸಾವರ್ಕರ್ ಹೆಸರಿಡುವ ಪ್ರಸ್ತಾವ ಮಹಾನಗರ ಪಾಲಿಕೆಯ ಮುಂದೆ ಬಂದಾಗ ಪ್ರತಿಪಕ್ಷ ಸದಸ್ಯರು ತೀವ್ರವಾಗಿ ವಿರೋಧಿಸಿದರು. ಆದರೆ ಅದೇ ಸುರತ್ಕಲ್ ಪರಿಸರದಲ್ಲಿ ಇನ್ನೊಂದು ಹೆಸರು ಯಾವ ತಕರಾರೂ ಇಲ್ಲದೆ ನೆಲೆ ನಿಂತಿದೆ: ಉಳ್ಳಾಲ ಶ್ರೀನಿವಾಸ ಮಲ್ಯ. 1902ರ ನವೆಂಬರ್ 21ರಂದು ಜನಿಸಿದ ಮಲ್ಯರು ಲೋಕಸಭೆಯಲ್ಲಿ ಕಾಂಗ್ರೆಸ್ ಸಚೇತಕರಾಗಿದ್ದವರು, ನೆಹರೂ ಅವರ ನಿಕಟವರ್ತಿ. ವಿಮಾನ ನಿಲ್ದಾಣ, ನವಮಂಗಳೂರು ಬಂದರು, ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು (ಈಗಿನ ಎನ್‌ಐಟಿಕೆ) ಇವುಗಳ ಹಿಂದೆ ಅವರ ದುಡಿಮೆಯಿದೆ. 1991ರಿಂದ ಈ ಲೋಕಸಭಾ ಕ್ಷೇತ್ರದಲ್ಲಿ ಬಿಜೆಪಿಯೇ ಗೆಲ್ಲುತ್ತ ಬಂದಿದ್ದರೂ ಮಲ್ಯರ ಹೆಸರನ್ನು ಗೌರವಿಸಲು ಯಾರೂ ಹಿಂಜರಿದಿಲ್ಲ. ಕಾರಣ ಸರಳ: ಅವರ ಕೆಲಸದ ಫಲವನ್ನು ಎಲ್ಲ ಪಕ್ಷಗಳ ಮತದಾರರೂ ಉಣ್ಣುತ್ತಿದ್ದಾರೆ.

ಈ ನಗರದಲ್ಲಿ ಹುಟ್ಟಿ ಲೋಹಿಯಾ ಹಾದಿ ಹಿಡಿದ ಜಾರ್ಜ್ ಫರ್ನಾಂಡಿಸ್ ಅವರದು ಇನ್ನೂ ಕಟುವಾದ ನಿದರ್ಶನ. ತುರ್ತುಪರಿಸ್ಥಿತಿಯಲ್ಲಿ ಕೈಕೋಳದೊಂದಿಗೆ ಕಾಣಿಸಿಕೊಂಡ ಅವರು ಸೆರೆಯಲ್ಲಿದ್ದುಕೊಂಡೇ 1977ರಲ್ಲಿ ಮುಜಫ್ಫರಪುರದಿಂದ ಗೆದ್ದರು. 2001ರ ತೆಹಲ್ಕಾ ಪ್ರಕರಣದ ಬಳಿಕ ರಕ್ಷಣಾ ಸಚಿವರಾಗಿದ್ದ ಅವರನ್ನು ಕಾಂಗ್ರೆಸ್ ಸದನದಲ್ಲಿ ದೀರ್ಘಕಾಲ ಬಹಿಷ್ಕರಿಸಿತು. 2019ರ ಜನವರಿ 29ರಂದು ಅವರು ನಿಧನರಾದಾಗ ಅದೇ ಕಾಂಗ್ರೆಸ್‌ನ ನಾಯಕರೂ ಸಂತಾಪ ಸೂಚಿಸಿದರು. ಬದುಕಿದ್ದಾಗ ಮಾತನಾಡಲು ಬಿಡದವರು ಸತ್ತ ಮೇಲೆ ಗೌರವಿಸಿದರೆಂದು ಮೂದಲಿಸಬಹುದು. ಹಗೆಯನ್ನು ಚಿತೆಯಾಚೆಗೆ ಒಯ್ಯಲಿಲ್ಲವೆಂದು ಮೆಚ್ಚಲೂಬಹುದು.

ಹೂವಿಗಿಂತ ಹಾಜರಾತಿ ಮುಖ್ಯ

ಜನ್ಮದಿನಾಚರಣೆಯಿಂದ ಆಗುವುದಾದರೂ ಏನು ಎಂಬ ಪ್ರಶ್ನೆ ನ್ಯಾಯವಾದುದೇ. ಐದು ವರ್ಷಗಳಲ್ಲಿ 17ನೇ ಲೋಕಸಭೆ ಸೇರಿದ್ದು ಕೇವಲ 274 ದಿನ. ಆ ಅವಧಿಯುದ್ದಕ್ಕೂ ಅದಕ್ಕೆ ಉಪಸಭಾಧ್ಯಕ್ಷರೇ ಇರಲಿಲ್ಲ. ಚರ್ಚೆಯಿಲ್ಲದ ಸಂಸತ್ತಿನಲ್ಲಿ ಪುಷ್ಪಾರ್ಚನೆ ಮಾತ್ರ ಕ್ರಮಬದ್ಧವಾಗಿ ನಡೆದರೆ ಅದು ದೇವರಿಲ್ಲದ ಗುಡಿಯಲ್ಲಿ ಮಂಗಳಾರತಿ ಎತ್ತಿದಂತೆ. ಆದರೆ ಚರ್ಚೆ ಕುಸಿದಿರುವಾಗಲೇ ಎದುರಾಳಿಗಳು ಪರಸ್ಪರ ಮುಖ ನೋಡುವ ಉಳಿದ ಕೆಲವು ಸಂದರ್ಭಗಳ ಬೆಲೆ ಹೆಚ್ಚುತ್ತದೆ ಎಂಬುದೂ ಅಷ್ಟೇ ನಿಜ. ಗಾಂಧಿ, ನೆಹರೂ, ಪಟೇಲರ ಜನ್ಮದಿನಗಳು ಸಾಮಾನ್ಯವಾಗಿ ಅಧಿವೇಶನವಿಲ್ಲದ ದಿನಗಳಲ್ಲೇ ಬರುತ್ತವೆ. ಹೀಗಾಗಿ ದಿಲ್ಲಿಯಲ್ಲಿರುವ ಪ್ರಮುಖರು ಬಾರದಿದ್ದರೆ ಸಭಾಂಗಣ ಬಿಕೋ ಎನ್ನುತ್ತದೆ.

ಇಲ್ಲಿ ಒಂದು ವ್ಯತ್ಯಾಸವನ್ನು ಗುರುತಿಸಬೇಕು. ಪಕ್ಷದ ನಾಯಕನೊಬ್ಬ ತನ್ನ ಆತ್ಮಸಾಕ್ಷಿ ಒಪ್ಪದ ಚಿತ್ರಕ್ಕೆ ಕೈ ಮುಗಿಯಲೇಬೇಕೆಂದು ಯಾರೂ ಒತ್ತಾಯಿಸಲಾಗದು. ಗೈರುಹಾಜರಿಯೂ ಒಂದು ಅಭಿಪ್ರಾಯವೇ. ಆದರೆ ಸ್ಪೀಕರ್ ಮತ್ತು ಸಭಾಪತಿಗಳಿಗೆ ಆ ಸ್ವಾತಂತ್ರ್ಯವಿಲ್ಲ. ಅವರು ಇಡೀ ಸದನದ ಪರವಾಗಿ ನಿಲ್ಲುವವರು. ನೆಹರೂ ದಿನಕ್ಕೂ ಮುಖರ್ಜಿ ದಿನಕ್ಕೂ, ಇಂದಿರಾ ದಿನಕ್ಕೂ ವಾಜಪೇಯಿ ದಿನಕ್ಕೂ ಅವರ ಹೆಜ್ಜೆ ಸಮನಾಗಿರಬೇಕು. ಹಾಗೆಯೇ ಯಾರ ಚಿತ್ರ ಬರಬೇಕು, ಯಾವ ಪ್ರತಿಮೆ ಎಲ್ಲಿರಬೇಕು ಎಂಬುದನ್ನು ಎಲ್ಲ ಪಕ್ಷಗಳ ಸದಸ್ಯರಿರುವ ಸಮಿತಿ ಮುಂಚಿತವಾಗಿ ಚರ್ಚಿಸಿ ನಿರ್ಧರಿಸಬೇಕು. ದಿಲ್ಲಿಯಲ್ಲೂ ಬೆಳಗಾವಿಯಲ್ಲೂ ಆಗಿರುವ ರಾದ್ಧಾಂತಗಳ ಮೂಲದಲ್ಲಿ ನಾಯಕರ ಯೋಗ್ಯತೆಯ ಪ್ರಶ್ನೆಯ ಜತೆಗೆ, ಕೇಳದೆ ಮಾಡಿದ ತೀರ್ಮಾನದ ಪ್ರಶ್ನೆಯೂ ಇದೆ.

ಮುಂದಿನ ನವೆಂಬರ್ 14ರಂದು ಸೆಂಟ್ರಲ್ ಹಾಲ್‌ನ ಹಾಜರಾತಿಯನ್ನು ಗಮನಿಸಬೇಕು. ಅನಂತರ ಡಿಸೆಂಬರ್ 25ರಂದು ವಾಜಪೇಯಿ ಜನ್ಮದಿನದ ಹಾಜರಾತಿಯನ್ನೂ ಗಮನಿಸಬೇಕು. ಎರಡೂ ದಿನ ಎರಡೂ ಕಡೆಯವರು ಕಾಣಿಸಿಕೊಂಡರೆ ಪದ್ಧತಿ ಬದುಕಿದೆ ಎಂದರ್ಥ. ತಂತಮ್ಮವರ ದಿನಕ್ಕೆ ಮಾತ್ರ ತಾವು ತಾವು ಬಂದರೆ, ಆ ಹೂವು ಅಗಲಿದ ನಾಯಕರಿಗೆ ಸಲ್ಲದೆ ಅರ್ಪಿಸಿದವರ ಪಕ್ಷಕ್ಕೇ ಸಂದಂತಾಗುತ್ತದೆ.